ಅಡಿಗೆಯವನ ಸೊಂಟಕ್ಕೆ ಒಪ್ಪಿದ ಪಂಪು

ಸಕ್ಕರೆ ಕಾಯಿಲೆಯ ವಿಭಾಗಕ್ಕೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ನನ್ನನ್ನು ಕಂಡರೆ ಮೊದಲು ಕೇಳುವುದು, "ಸಿಸ್ಟರ್, ಯಾವ ಇನ್ಸುಲಿನ್ ಪಂಪು ಒಳ್ಳೇದು?" ಎಂದು. ಅವರ ಕೈಯಲ್ಲಿ ನುಣುಪು ಕಾಗದದ ಬಣ್ಣಬಣ್ಣದ ಕರಪತ್ರ ಇರುತ್ತದೆ. ನಾನು ಕನ್ನಡಕ ಏರಿಸಿಕೊಂಡು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾರ ಸೊಂಟಕ್ಕೆ?" ಎಂದು ಕೇಳುತ್ತೇನೆ. ಮುದುಕಿಗೆ ಅರಳುಮರಳು ಹಿಡಿಯಿತೆಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಹುಡುಗಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಶಾಲು ಹೊದೆಸಿದವರೂ ಇಲ್ಲ ಅನ್ನಿ.

ನಾನಿದ್ದದ್ದು ಕುಮಟಾದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ. ವಾರದಲ್ಲಿ ಒಂದು ದಿನ ಹೊನ್ನಾವರ, ಇನ್ನೊಂದು ದಿನ ಭಟ್ಕಳ. ಡಾಕ್ಟರ ಹಳೆಯ ಕಾರಿನಲ್ಲಿ ಹೋಗುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಔಷಧದ ಪೆಟ್ಟಿಗೆ, ಅದರ ಪಕ್ಕದಲ್ಲಿ ಇನ್ಸುಲಿನ್ನಿನ ತಂಪು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡ ನಾನು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮನೆಯಲ್ಲಿ ರಕ್ತ ಪರೀಕ್ಷಿಸುವ ಪುಟ್ಟ ಯಂತ್ರ ಇದ್ದವರು ಇಡೀ ತಾಲೂಕಿಗೆ ಬೆರಳೆಣಿಕೆಯಷ್ಟು ಜನ. ಉಳಿದವರ ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿ ಬಣ್ಣ ನೋಡುತ್ತಿದ್ದೆವು. ನೀಲಿಯೇ ಉಳಿದರೆ ಶಭಾಷ್, ಹಸಿರಾದರೆ ಉಪದೇಶ, ಇಟ್ಟಿಗೆ ಬಣ್ಣ ಬಂದರೆ ಡಾಕ್ಟರ ಬೈಗುಳ. ಗಾಜಿನ ಸಿರಿಂಜನ್ನು ಅನ್ನ ಬೇಯಿಸುವ ಪಾತ್ರೆಯಲ್ಲೇ ಕುದಿಸಿ ಚುಚ್ಚಿಕೊಳ್ಳುವ ಹಿರಿಯರು ಆಗಲೂ ಇದ್ದರು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಕೊಟ್ಟರೆ, "ಇಷ್ಟು ಚೊಲೊ ಸಾಮಾನು ಬಿಸಾಡೂಕೆ ಮನಸ್ಸು ಬರೂದಿಲ್ಲ ಅಕ್ಕೋರೆ" ಎಂದು ಅದನ್ನೂ ತೊಳೆದು ಗೂಡಿನಲ್ಲಿ ಇಡುತ್ತಿದ್ದರು.

ನಮ್ಮ ಡಾಕ್ಟರು ಸಿಡುಕು ಮನುಷ್ಯ. ಸಿಟ್ಟು ಬಂದರೆ ಸ್ಟೆತಸ್ಕೋಪನ್ನು ಮೇಜಿನ ಮೇಲೆ ಕುಕ್ಕಿ ಹೊರಗೆ ಹೋಗಿ ಚಾ ಕುಡಿದು ಬರುತ್ತಿದ್ದರು. ಬಂದ ಮೇಲೆ ಅದೇ ರೋಗಿಯ ಹತ್ತಿರ, "ಬೆಳಿಗ್ಗೆ ಎಂತ ತಿಂದೆ? ಯಾರ ಮನೇಲಿ ತಿಂದೆ? ಎಷ್ಟು ಹೊತ್ತಿಗೆ?" ಎಂದು ಸಂಬಂಧ ಕುದುರಿಸಲು ಬಂದವರ ಹಾಗೆ ಸಾವಕಾಶವಾಗಿ ವಿಚಾರಿಸುತ್ತಿದ್ದರು. ನಾನು ಸೇರಿದ ಹೊಸತರಲ್ಲಿ ಇದೆಲ್ಲ ಕಾಲಹರಣ ಎನಿಸಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ಸಕ್ಕರೆ ಎಷ್ಟು ಅಂತ ಯಂತ್ರ ಹೇಳ್ತದೆ ಸುಮತಿ, ಎಂತಕ್ಕೆ ಅಂತ ಅಡಿಗೆಮನೆ ಹೇಳ್ತದೆ. ನೀನು ಹೋಗಿ ನೋಡ್ಕಂಡು ಬಾ" ಎಂದರು. ಅವತ್ತಿನಿಂದ ನನ್ನ ಚಪ್ಪಲಿ ಸವೆಯತೊಡಗಿತು.

ಮೊದಲು ಹೋದದ್ದು ಹೊನ್ನಾವರದ ಬಂದರಿನ ಹತ್ತಿರದ ಒಂದು ಮನೆಗೆ. ಮನೆಯ ಯಜಮಾನರು ಮೀನು ವ್ಯಾಪಾರಿ, ಗಟ್ಟಿ ಆಳು. ಇನ್ಸುಲಿನ್ ಎಷ್ಟು ಏರಿಸಿದರೂ ಸಕ್ಕರೆ ಇಳಿಯುತ್ತಿರಲಿಲ್ಲ. ಡಾಕ್ಟರು ಎರಡು ಸಲ ಮದ್ದಿನ ಪ್ರಮಾಣ ಬದಲಿಸಿದರು, ಮೂರನೇ ಸಲ ನನ್ನನ್ನು ಓಡಿಸಿದರು. ಔಷಧ ತೋರಿಸಿ ಎಂದೆ. ಅವರು ಹೆಮ್ಮೆಯಿಂದ ಹಿತ್ತಲಿಗೆ ಕರೆದುಕೊಂಡು ಹೋಗಿ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಬಂಗಡೆಗಳ ನಡುವೆ, ಐಸಿನ ಚೂರುಗಳ ಒಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ಸುಲಿನ್ ಬಾಟಲಿ ಕಲ್ಲಾಗಿ ಕೂತಿತ್ತು.

"ಇದೆಂತ ಮಾರಾಯ್ರೆ!" ಎಂದೆ.

"ತಂಪಲ್ಲಿ ಇಡೂಕೆ ನೀವೇ ಹೇಳದ್ದಲ್ವ್ರಾ? ಇದಕ್ಕಿಂತ ತಂಪು ಇಡೀ ಹೊನ್ನಾವರದಲ್ಲೇ ಇಲ್ಲ. ದಿನಾ ಹೊತ್ತಾರೆ ಕರಗ್ಸಿ ತಕಣ್ತೆ" ಎಂದರು ಅವರು.

ಒಮ್ಮೆ ಹೆಪ್ಪುಗಟ್ಟಿ ಮತ್ತೆ ಕರಗಿದ ಇನ್ಸುಲಿನ್ ಬರಿಯ ನೀರಿನಷ್ಟೇ ಪ್ರಯೋಜನದ್ದು. ಒಂದು ಮಣ್ಣಿನ ಮಡಕೆ, ಅದರ ಸುತ್ತ ಒದ್ದೆ ಮರಳು, ಮೇಲೆ ಬಟ್ಟೆ, ಇಷ್ಟೇ ಸಾಕು ಎಂದು ತೋರಿಸಿಕೊಟ್ಟು ಬಂದೆ. ವಾರ ಕಳೆದು ಅವರ ಸಕ್ಕರೆ ಇಳಿಯಿತು. ನನಗೆ ಒಂದು ಚೀಲ ಬಂಗಡೆಯೂ ಬಂತು. ಆಮೇಲೆ ಯಾರಿಗೇ ಆಗಲಿ 'ತಂಪಲ್ಲಿ ಇಡಿ' ಎಂದು ಹೇಳುವ ಅಭ್ಯಾಸ ಬಿಟ್ಟು, ಎಲ್ಲಿಡುತ್ತೀರಿ ತೋರಿಸಿ ಎನ್ನುವುದನ್ನು ಕಲಿತೆ.

ನಾನು ನನ್ನ ಕಣ್ಣಾರೆ ಕಂಡ ಮೊದಲ ಇನ್ಸುಲಿನ್ ಪಂಪು ಭಟ್ಕಳದ್ದು. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಹಸನ್ ಸಾಹೇಬರು ಎಂದು ಬಟ್ಟೆ ವ್ಯಾಪಾರ ಮಾಡಿ ವಿಶ್ರಾಂತಿಯಲ್ಲಿದ್ದ ಹಿರಿಯರು, ನಮ್ಮ ಹಳೆಯ ರೋಗಿ. ಒಂದು ದಿನ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಸೊಂಟಕ್ಕೆ ಚರ್ಮದ ಚೀಲವೊಂದನ್ನು ಸಿಕ್ಕಿಸಿಕೊಂಡು ಬಂದರು. ದುಬೈಯಲ್ಲಿದ್ದ ಅಳಿಯ ಮಾವನಿಗೆ ಸಕ್ಕರೆ ಕಾಯಿಲೆ ಎಂದು ಕೇಳಿ, ಅಲ್ಲಿನ ಅಂಗಡಿಯಲ್ಲಿ ಸಿಗುವುದರಲ್ಲೆಲ್ಲ ಚಂದದ್ದನ್ನು ಹುಡುಕಿ ಕಳಿಸಿದ್ದ. ಬೆಳ್ಳಿ ಬಣ್ಣದ, ಸಣ್ಣ ಸಣ್ಣ ಗುಂಡಿಗಳ, ಒಡವೆಯಂಥ ಸಾಮಾನು. ಅದರೊಳಗೆ ಇನ್ಸುಲಿನ್ ತುಂಬಿದರೆ ಒಂದು ಸಪೂರ ನಳಿಕೆಯ ಮೂಲಕ ಹೊಟ್ಟೆಯ ಚರ್ಮದಡಿಗೆ ಹಗಲೂ ರಾತ್ರಿ ಹನಿಹನಿಯಾಗಿ ಹೋಗುತ್ತದೆ. ಊಟದ ಹೊತ್ತಿಗೆ ಗುಂಡಿ ಒತ್ತಿದರೆ ಊಟಕ್ಕೆ ಬೇಕಾದಷ್ಟು ಹೆಚ್ಚಿಗೆ ಹೋಗುತ್ತದೆ. ಎಲ್ಲ ಸರಿ. ಆದರೆ ಹಸನ್ ಸಾಹೇಬರು ಇನ್ಸುಲಿನ್ನನ್ನೇ ತೆಗೆದುಕೊಳ್ಳುವವರಲ್ಲ. ಬೆಳಿಗ್ಗೆ ಒಂದು ಸಣ್ಣ ಗುಳಿಗೆ ನುಂಗಿದರೆ ಅವರ ಕಾಯಿಲೆ ಬಾಲ ಮುದುರಿಕೊಂಡು ಕೂತಿರುತ್ತಿತ್ತು.

"ಸಾಹೇಬ್ರೆ, ಇದು ನಿಮಗೆ ಬೇಡದ್ದು" ಎಂದು ಡಾಕ್ಟರು ನಗು ತಡೆದುಕೊಂಡು ಹೇಳಿದರು.

"ಬೇಡ ಅಂದ್ರೆ ಹೆಂಗೆ ಡಾಕ್ಟರ್ ಸಾಬ್? ಅಳಿಯ ಪ್ರೀತಿಯಿಂದ ಕಳಿಸಿದ್ದು. ನಳಿಕೆ ಬೇಡ, ಸುಮ್ನೆ ಸೊಂಟಕ್ಕೆ ಇರ್ಲಿ" ಎಂದರು ಸಾಹೇಬರು. ಅವರ ಜೊತೆಗಾರರಲ್ಲಿ ಕೆಲವರ ಸೊಂಟದಲ್ಲಿ ಆಗ ಮೊಬೈಲು ಕೂತಿತ್ತು. ಅದಕ್ಕಿಂತ ಇದು ಒಂದು ತೂಕ ಹೆಚ್ಚು ಎಂಬುದು ಅವರ ಸಮಾಧಾನ. ಅಳಿಯ ರಜೆಗೆ ಬಂದು ಹೋಗುವವರೆಗೂ ಆ ಖಾಲಿ ಪಂಪನ್ನು ಮದುವೆ ಮುಂಜಿಗೆಲ್ಲ ತೊಟ್ಟುಕೊಂಡು ಓಡಾಡಿದರು.

ಇನ್ನು ಗಣಪತಿಯ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ರೋಗಿ ಅವನೇ. ಕಾಗಾಲದವನು, ಇಪ್ಪತ್ತು ದಾಟಿದ ಹುಡುಗ. ಶಾಲೆಗೆ ಹೋಗುವಾಗಲೇ ಬಂದ ಸಕ್ಕರೆ ಕಾಯಿಲೆ; ಗುಳಿಗೆಗೆ ಬಗ್ಗುವ ಜಾತಿಯದಲ್ಲ, ಇನ್ಸುಲಿನ್ ಇಲ್ಲದೆ ಬದುಕಿಲ್ಲ. ಅವನ ದೊಡ್ಡಪ್ಪ ಸುಬ್ರಾಯ ಭಟ್ಟರು ಹವ್ಯಕ ಬ್ರಾಹ್ಮಣರ ಮದುವೆ ಮುಂಜಿಗಳಲ್ಲಿ ಅಡಿಗೆ ಮಾಡಿಸುವ ಯಜಮಾನರು. ಕುಮಟಾದಿಂದ ಹೊನ್ನಾವರದ ಆಚೆಯವರೆಗೂ ಭಟ್ಟರ ಅಡಿಗೆ ಎಂದರೆ ಜನ ಬೆಳಗಿನ ತಿಂಡಿ ಬಿಟ್ಟು ಊಟಕ್ಕೆ ಬರುತ್ತಿದ್ದರು. ಗಣಪತಿ ಅವರ ಗುಂಪಿನಲ್ಲಿ ಪಾಯಸದ ಒಲೆಗೆ ನಿಲ್ಲುತ್ತಿದ್ದ. ಆ ಕೆಲಸ ಬಿಟ್ಟರೆ ಬೇರೆ ಯಾವುದೂ ಅವನಿಗೆ ಬೇಕಿರಲಿಲ್ಲ.

ಒಂದು ಮಧ್ಯಾಹ್ನ ಹೊನ್ನಾವರದ ಮದುವೆಮನೆಯಿಂದ ಅವನನ್ನು ಜೀಪಿನಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದರು. ಸಕ್ಕರೆ ಪಾತಾಳಕ್ಕೆ ಇಳಿದು ಮೈಮೇಲೆ ಎಚ್ಚರ ಇರಲಿಲ್ಲ. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಮಾತು, "ಪಾಯಸ ತಳ ಹಿಡಿದು ಹೋತಾ?" ಎಂದು. ಎಲ್ಲಿ ಬಿದ್ದಿದ್ದ ಎಂದು ವಿಚಾರಿಸಿದರೆ, ಉಗ್ರಾಣದಲ್ಲಿ, ಸಕ್ಕರೆ ಮೂಟೆಗೆ ಒರಗಿಕೊಂಡು! ಎಡಕ್ಕೆ ಸಕ್ಕರೆ, ಬಲಕ್ಕೆ ಬೆಲ್ಲದ ರಾಶಿ, ನಡುವೆ ಸಕ್ಕರೆ ಸಾಲದೆ ಬಿದ್ದ ಹುಡುಗ. ನನಗೆ ತಲೆ ಕೆಟ್ಟುಹೋಯಿತು.

"ಕೈ ನಡುಗೂಕೆ ಶುರುವಾದದ್ದು ಗೊತ್ತಾಗಲಿಲ್ವಾ?" ಎಂದೆ.

"ಗೊತ್ತಾಗಿತ್ತು ಅಕ್ಕೋರೆ."

"ಮತ್ತೆ ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕಳೂಕೆ ಎಂತ ಆಗಿತ್ತು?"

ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ. "ಇನ್ನೂ ನೈವೇದ್ಯ ಆಗಿರಲಿಲ್ಲ. ಬಂದವರು ಉಂಡೂ ಆಗಿರಲಿಲ್ಲ. ಅಡಿಗೆ ಒಲೆಗೆ ನಿಂತವ ಬಾಯಾಡ್ಸಿದ್ರೆ ಎಲ್ಲಾ ಎಂಜಲಾಗ್ತದೆ. ಎಲೆ ಹಾಕೂವರೆಗೆ ತಡೀತೇನೆ ಅಂದ್ಕಂಡೆ."

ಹವ್ಯಕರಲ್ಲಿ ಅಡಿಗೆಯವರು ಉಪ್ಪು ಹುಳಿಯನ್ನೂ ನಾಲಿಗೆಗೆ ಇಟ್ಟು ನೋಡುವುದಿಲ್ಲ. ಕುದಿಯುವ ಸದ್ದು, ಪರಿಮಳ, ಕೈಯಳತೆ, ಅಷ್ಟರಲ್ಲೇ ಎಲ್ಲ. ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವರ ಊಟ. ಅದು ಎರಡು ಗಂಟೆಗೂ ಆದೀತು, ನಾಲ್ಕಕ್ಕೂ ಆದೀತು. ಗಣಪತಿಗೆ ನಾವು ಕೊಡುತ್ತಿದ್ದ ಇನ್ಸುಲಿನ್ನಿಗೆ ಮಾತ್ರ ಪಂಕ್ತಿಯ ಗೊಡವೆ ಇಲ್ಲ, ಮೈಯೊಳಗೆ ಹೋದ ಮೇಲೆ ತನ್ನ ಹೊತ್ತಿಗೆ ತಾನು ಕೆಲಸ ಮಾಡುತ್ತದೆ. ಅದರ ಮೇಲೆ ಬೆಂಕಿಯ ಮುಂದೆ ದುಡಿಯುವ ಮೈ ಇದ್ದ ಸಕ್ಕರೆಯನ್ನೂ ಬೇಗ ಕರಗಿಸುತ್ತದೆ. ಡಾಕ್ಟರು ಪೆನ್ನಿನಂಥ ಸಿರಿಂಜು, ದಿನವಿಡೀ ನಿಲ್ಲುವ ಹೊಸ ಇನ್ಸುಲಿನ್ನು ಎಲ್ಲ ಹಾಕಿ ನೋಡಿದರು. ಮನೆಯಲ್ಲಿದ್ದ ದಿನ ಸಕ್ಕರೆ ಸರಿ ಇರುತ್ತಿತ್ತು, ಅಡಿಗೆಗೆ ಹೋದ ದಿನ ಮತ್ತೆ ಇಳಿಯುತ್ತಿತ್ತು.

ಸುಬ್ರಾಯ ಭಟ್ಟರು ನೇರ ಮಾತಿನವರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, "ಅಕ್ಕೋರೆ, ಇವತ್ತು ಮೂಟೆಗೆ ಒರಗಿ ಬಿದ್ದ. ನಾಳೆ ಕೊಪ್ಪರಿಗೆಗೆ ಬಿದ್ರೆ ನಾ ಇವನ ಆಯಿಗೆ ಎಂತ ಹೇಳ್ಲಿ? ಅಡಿಗೆ ಸಾಕು. ಹೊನ್ನಾವರದಲ್ಲಿ ನಮ್ಮ ಭಾವನ ಬಟ್ಟೆ ಅಂಗಡಿ ಇದೆ, ಅಲ್ಲಿ ಕೂತ್ಕಳ್ಲಿ" ಎಂದರು. ಗಣಪತಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಆ ಹುಡುಗನ ಬೆನ್ನು ನೋಡಿ ನನಗೆ ಅಳು ಬಂತು. ಬಟ್ಟೆ ಮಡಚುವುದು ಕೆಟ್ಟ ಕೆಲಸವಲ್ಲ, ಆದರೆ ಎಚ್ಚರ ಬಂದೊಡನೆ ಪಾಯಸದ ಚಿಂತೆ ಮಾಡುವವನಿಗೆ ಅದು ಶಿಕ್ಷೆ.

ಡಾಕ್ಟರು ಚಾ ಕುಡಿದು ಬಂದು ಹೇಳಿದರು, "ಪಂಪು ಹಾಕುವ. ಒಲೆ ಹೊತ್ತಿಸುವ ಮೊದಲು ಇನ್ಸುಲಿನ್ನಿನ ಹನಿ ಕಮ್ಮಿ ಮಾಡಿದ್ರೆ ಆತು, ಉಣ್ಣೂದು ಯಾವಾಗೋ ಆಗ ಗುಂಡಿ ಒತ್ತಿದ್ರೆ ಆತು. ಇನ್ಸುಲಿನ್ನಿನ ಹೊತ್ತು ಅವನ ಕೈಯಲ್ಲಿ ಇರ್ತದೆ." ಭಟ್ಟರು ಯೋಚಿಸಿ ಒಂದು ಷರತ್ತು ಹಾಕಿದರು: ಒಂದು ದೊಡ್ಡ ಮದುವೆಯನ್ನು ಗಣಪತಿ ಮೊದಲಿನಿಂದ ಕೊನೆಯವರೆಗೆ ನಿಂತು ದಾಟಿಸಬೇಕು. ಆಗದಿದ್ದರೆ ಅಂಗಡಿ. ಹಣದ ಏರ್ಪಾಡನ್ನು ಮನೆಯವರೂ ಅಡಿಗೆ ಗುಂಪಿನವರೂ ಸೇರಿ ನೋಡಿಕೊಳ್ಳುವುದೆಂದು ಆಯಿತು. ಉಳಿದದ್ದು ಯಾವ ಪಂಪು ಎಂಬ ಪ್ರಶ್ನೆ.

ಮಾರುವವನೊಬ್ಬ ಹುಬ್ಬಳ್ಳಿಯಿಂದ ಬಂದ. ಟೈ ಕಟ್ಟಿದ, ಮಾತಿನಲ್ಲಿ ಮನೆ ಕಟ್ಟುವ ಹುಡುಗ. ಮೇಜಿನ ಮೇಲೆ ಎರಡು ಪಂಪು ಇಟ್ಟ. ಒಂದು ಹಸನ್ ಸಾಹೇಬರಲ್ಲಿದ್ದ ಬೆಳ್ಳಿ ಬಣ್ಣದ್ದೇ. ಇನ್ನೊಂದು ಕಪ್ಪಗೆ, ದಪ್ಪಗೆ, ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಮರಿಯಂತೆ ಇತ್ತು. "ಇದು ಹಿಂದಿನ ಮಾದರಿ, ಸುಮ್ನೆ ತೋರಿಸೋದಕ್ಕೆ ತಂದೆ. ಬೆಳ್ಳಿದ್ದೇ ತಗೊಳ್ಳಿ, ಕಂಪ್ಯೂಟರಿಗೆ ಸೇರಿಸಬಹುದು, ಗೆರೆಗಳ ಚಿತ್ರ ಬರುತ್ತೆ" ಎಂದ. ನನಗೂ ಬೆಳ್ಳಿಯದ್ದೇ ಇಷ್ಟವಾಯಿತು. ಗಣಪತಿಯಂತೂ ಅದನ್ನು ಕೈಬಿಡಲಿಲ್ಲ. ಡಾಕ್ಟರು ಮಾತ್ರ, "ಇವ ಮೇಜಿನ ಮೇಲೆ ಅಡಿಗೆ ಮಾಡ್ತಾನಾ? ಸುಮತಿ, ಒಲೆ ಹತ್ರ ನೋಡಿ ಬಾ, ಆಮೇಲೆ ಹೇಳುವ" ಎಂದು ಮಾತು ಮುಗಿಸಿದರು.

ನೋಡಿ ಬರುವುದಕ್ಕೆ ಒಂದು ಪಂಪು ಬೇಕಲ್ಲ? ಭಟ್ಕಳಕ್ಕೆ ಹೋದ ದಿನ ಹಸನ್ ಸಾಹೇಬರಿಗೆ ವಿಷಯ ಹೇಳಿದೆ. ಅವರು ಆ ಕ್ಷಣವೇ ಸೊಂಟದಿಂದ ಚೀಲ ಬಿಚ್ಚಿ ನನ್ನ ಕೈಗಿಟ್ಟರು. "ತಗೊಂಡು ಹೋಗಿ ಸಿಸ್ಟರ್. ನನ್ನ ಜೊತೆ ಕೂತು ಕೂತು ಇದಕ್ಕೂ ಬೇಜಾರು ಬಂದಿದೆ, ಸ್ವಲ್ಪ ದುಡೀಲಿ. ಹುಡುಗ ಗೆದ್ರೆ ಊಟಕ್ಕೆ ನನಗೂ ಹೇಳಿಕೆ ಬರ್ಬೇಕು" ಎಂದರು.

ಪಂಪಿಗೆ ಇನ್ಸುಲಿನ್ ಬದಲು ಬರಿಯ ಉಪ್ಪುನೀರಿನ ದ್ರಾವಣ ತುಂಬಿದೆವು. ಏನೇ ಎಡವಟ್ಟಾದರೂ ಅಪಾಯವಿಲ್ಲ, ಅವನ ಮಾಮೂಲಿ ಚುಚ್ಚುಮದ್ದು ಬೇರೆ ನಡೆದೇ ಇತ್ತು. ಹೊಳನಗದ್ದೆಯ ಒಂದು ಉಪನಯನದ ಅಡಿಗೆಗೆ, ಕಾಯಿ ತುರಿಯುವ ಕೆಲಸಕ್ಕೆ ಮಾತ್ರ ಎಂದು, ಭಟ್ಟರು ಗಣಪತಿಯನ್ನು ಸೇರಿಸಿಕೊಂಡರು. ನಾನು ಅಡಿಗೆ ಚಪ್ಪರದ ಹೊರಗೆ ಒಂದು ಮಣೆ ಹಾಕಿಸಿಕೊಂಡು ಕೂತೆ. ಒಳಗೆ ಎಲ್ಲರೂ ಮಿಂದು ಮಡಿಯುಟ್ಟವರು, ನಾನು ಆ ಗೆರೆ ದಾಟುವ ಹಾಗಿರಲಿಲ್ಲ. ಆದರೆ ನನ್ನ ಮುಂದೆ ಅವಲಕ್ಕಿ, ಕಷಾಯ ಮಾತ್ರ ಬರುತ್ತಲೇ ಇದ್ದವು.

ಮೊದಲ ತಕರಾರು ಬಾಗಿಲಲ್ಲೇ ಆಯಿತು. ಚರ್ಮದ ಚೀಲ ನೋಡಿ ಭಟ್ಟರು ಕೈ ಅಡ್ಡ ಹಿಡಿದರು. "ತಮಾ, ಚರ್ಮದ್ದು ಒಳಗೆ ಆಗ್ತಿಲ್ಲೆ." ಉಪನಯನಕ್ಕೆ ಬಂದಿದ್ದ ಗಣಪತಿಯ ತಾಯಿ ಅಲ್ಲೇ ಹಳೆಯ ಪಂಚೆಯ ತುಂಡಿನಿಂದ ಒಂದು ಚೀಲ ಹೊಲಿದು, ಉಡಿದಾರದಂತೆ ಕಟ್ಟುವ ಲಾಡಿ ಹಾಕಿಕೊಟ್ಟರು. ಆಮೇಲೆ ಅವನು ಒಲೆಯ ಮುಂದೆ ನಿಂತಾಗ ನನಗೆ ಹೊಳೆಯಿತು, ಪಂಪು ಹೊಟ್ಟೆಯ ಮುಂದೆ ಇದ್ದರೆ ಒಳಗಿನ ಇನ್ಸುಲಿನ್ ಬೆಂಕಿಯ ಕಾವಿಗೆ ಕೆಡುತ್ತದೆ. ಹೊರಗಿನಿಂದಲೇ ಕೂಗಿ ಬೆನ್ನಿನ ಕಡೆಗೆ ತಿರುಗಿಸಿದೆ.

ಇನ್ನೊಂದು ತಾಸಿಗೆ ಪುರೋಹಿತರ ಮಂತ್ರ ಜೋರಾಗಿದ್ದಾಗ ಪಂಪು ಕೀಂ ಕೀಂ ಎಂದಿತು. ಬೆವರಿಗೆ ಅಂಟುಪಟ್ಟಿ ಬಿಟ್ಟುಕೊಂಡು ನಳಿಕೆ ಮಡಚಿ ಹರಿವು ನಿಂತಿತ್ತು. ಗಣಪತಿಗೆ ಅದು ಕೇಳಿಸಲಿಲ್ಲ. ಕಾಯಿ ತುರಿಯುವವರ ಗರಗರ, ಪಾತ್ರೆಗಳ ಸದ್ದು, ಹೊರಗೆ ವಾದ್ಯ. ಕೇಳಿಸಿದ್ದು ಪುರೋಹಿತರಿಗೆ. ಅವರು ಮಂತ್ರ ನಿಲ್ಲಿಸಿ, "ಯಾರ ಮೊಬೈಲು ಅದು? ಬಂದ್ ಮಾಡಿ ಹೇಳಿ ಎಷ್ಟು ಸಲ ಹೇಳವು?" ಎಂದು ಗುಡುಗಿದರು. ನಾಲ್ಕೈದು ಜನ ತಮ್ಮ ತಮ್ಮ ಜೇಬು ತಡಕಿದರು. ವಟುವಿನ ಸೋದರಮಾವ ಸುಮ್ಮನೆ ಬೈಸಿಕೊಂಡ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ಅದಕ್ಕಿಂತ ದೊಡ್ಡ ಅನಾಹುತ ಆದದ್ದು ಜನಿವಾರದಿಂದ. ಬಯಲಿಗೆ ಹೋಗುವಾಗ ಅವರು ಜನಿವಾರವನ್ನು ಎಳೆದು ಕಿವಿಗೆ ಸುತ್ತಿಕೊಳ್ಳುತ್ತಾರೆ. ಮುಂಜಿಯಾದಂದಿನ ರೂಢಿ, ಕೈ ತಾನಾಗಿ ಮಾಡುತ್ತದೆ. ಗಣಪತಿ ಜನಿವಾರ ಎಳೆದಾಗ ಅದಕ್ಕೆ ಸುತ್ತಿಕೊಂಡಿದ್ದ ಉದ್ದ ನಳಿಕೆಯೂ ಜೊತೆಯಲ್ಲಿ ಬಂತು. ಸೂಜಿ ಸಮೇತ ಕಿತ್ತು ಕಿವಿಯ ಹತ್ತಿರ ನೇತಾಡಿತು. ಅವನು ಕಿವಿಗೆ ಜನಿವಾರ ಸುತ್ತಿ, ಕೈಯಲ್ಲಿ ನಳಿಕೆ ಹಿಡಿದುಕೊಂಡು, "ಅಕ್ಕೋರೆ, ಈಗ ಎಂತ ಮಾಡೂದು?" ಎಂದು ಹಿತ್ತಲಿನಿಂದ ಕೂಗಿದ. "ಮೊದಲು ಹೋದ ಕೆಲಸ ಮುಗ್ಸ್ಕಂಡು ಬಾ ಮಾರಾಯ!" ಎಂದೆ. ಅಡಿಗೆ ಚಪ್ಪರವೆಲ್ಲ ನಕ್ಕಿತು. ಸುಬ್ರಾಯ ಭಟ್ಟರು ನಕ್ಕದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಸಂಜೆ ಡಾಕ್ಟರ ಮುಂದೆ ನಿಂತು ಒಂದೊಂದಾಗಿ ಹೇಳಿದೆ. ಸದ್ದು ಮಾಡುವ ಪಂಪು ಬೇಡ, ಮೈಗೆ ನಡುಗಿಸಿ ತಿಳಿಸುವುದು ಬೇಕು. ಹಿಟ್ಟು ಮೆತ್ತಿದ ಕೈಗೂ ಸಿಗುವ ದೊಡ್ಡ ಗುಂಡಿ ಬೇಕು. ಚರಿಗೆಯ ಕಂಠ ತಾಗಿದರೆ ತಾನಾಗಿ ಒತ್ತಿಕೊಳ್ಳದ ಹಾಗೆ ಬೀಗ ಇರಬೇಕು. ನೀರು ಸಿಡಿದರೆ ಸಾಯಬಾರದು. ನಳಿಕೆ ಗಿಡ್ಡವಾಗಿ, ಎಡ ಹೆಗಲಿನ ಜನಿವಾರಕ್ಕೆ ಸಿಗದಂತೆ ಎಡಗಡೆ ಸೊಂಟದ ಹಿಂಬದಿಯಲ್ಲಿ, ಪಂಚೆಯ ಕಟ್ಟಿಗಿಂತ ಕೆಳಗೆ ಕೂರಬೇಕು. ಡಾಕ್ಟರು ಮೇಜಿನ ಖಾನೆಯಿಂದ ಆ ಟೈ ಹುಡುಗ ಬಿಟ್ಟುಹೋಗಿದ್ದ ಕರಪತ್ರ ತೆಗೆದು ನೋಡಿದರು. ನಾನು ಹೇಳಿದ್ದೆಲ್ಲ ಇದ್ದದ್ದು ಕಪ್ಪು ಪಂಪಿನಲ್ಲಿ. ಬೆಳ್ಳಿಯದ್ದು ಮೇಜಿಗೆ ಚಂದ, ಒಲೆಗೆ ಆಗದು.

ಗಣಪತಿಯ ಮುಖ ಸಣ್ಣದಾಯಿತು. "ಚಂದ ಇಲ್ಲ ಅಲ್ರಾ" ಎಂದ.

"ಪಂಚೆ ಒಳಗೆ ಯಾರು ನೋಡ್ತಾರೋ?" ಎಂದು ಡಾಕ್ಟರು ಗದರಿಸಿದರು.

ಪಂಪು ಬಂದ ಮೇಲೆ ಊಟದ ಲೆಕ್ಕ ಕಲಿಸಬೇಕಿತ್ತು. ಪುಸ್ತಕದಲ್ಲಿ ಗ್ರಾಮಿನ ಲೆಕ್ಕ ಇತ್ತು, ಗಣಪತಿಗೆ ಅದು ತಲೆಗೆ ಹತ್ತಲಿಲ್ಲ. ಒಂದು ದಿನ ಅವನ ಸೌಟುಗಳನ್ನೇ ತರಿಸಿ, ಅನ್ನ, ಪಾಯಸ, ಹುಳಿ ಎಲ್ಲವನ್ನೂ ತೂಗಿ, ಇಷ್ಟು ಸೌಟಿಗೆ ಇಷ್ಟು ಇನ್ಸುಲಿನ್ ಎಂದು ಹೊಂದಿಸಿಕೊಟ್ಟೆ. ಸೌಟಿನ ಲೆಕ್ಕ ಅವನಿಗೆ ತಕ್ಷಣ ಹಿಡಿಸಿತು. ಇನ್ನು ಉಳಿದದ್ದು ಎಂಜಲಿನ ಪ್ರಶ್ನೆ. ಎಂಥ ಪಂಪು ಇದ್ದರೂ ಒಮ್ಮೊಮ್ಮೆ ಸಕ್ಕರೆ ಇಳಿದೇ ಇಳಿಯುತ್ತದೆ, ಆಗ ಬಾಯಿಗೆ ಏನಾದರೂ ಹೋಗಲೇಬೇಕು. ನಾನು ಭಟ್ಟರ ಮನೆಗೇ ಹೋಗಿ ಗ್ಲೂಕೋಸ್ ಪುಡಿಯ ಪೊಟ್ಟಣ ಅವರ ಮುಂದಿಟ್ಟೆ.

"ಇದು ತಿಂಡಿಯೋ, ಔಷಧವೋ?" ಎಂದರು.

"ಔಷಧ ಅಂಗಡಿಯಲ್ಲಿ ತಂದದ್ದು. ಡಾಕ್ಟರು ಹೇಳಿ ಕೊಟ್ಟದ್ದು."

ಅವರು ಪೊಟ್ಟಣವನ್ನು ಮೂಸಿ ನೋಡಿದರು. "ಔಷಧ ಆದ್ರೆ ಅಡ್ಡಿಲ್ಲ. ಚಪ್ಪರದ ಹೊರಗೆ ಬಂದು ತಿಂದು, ಕೈಕಾಲು ಬಾಯಿ ತೊಳ್ಕಂಡು ಒಳಗೆ ಹೋಗ್ಲಿ. ಅಷ್ಟು ಹೊತ್ತು ಸೌಟು ನಾ ಹಿಡೀತೇನೆ" ಎಂದರು. ನನಗೆ ಅವರ ಕಾಲಿಗೆ ಬೀಳಬೇಕು ಎನ್ನುವಷ್ಟು ಸಂತೋಷವಾಯಿತು.

ಆ ದೊಡ್ಡ ಮದುವೆ ಕುಮಟಾದಲ್ಲೇ ಬಂತು. "ಊಟವೂ ಆತು, ಡ್ಯೂಟಿಯೂ ಆತು" ಎಂದು ಡಾಕ್ಟರು ನನ್ನನ್ನು ಕಳಿಸಿದರು. ಹಸನ್ ಸಾಹೇಬರೂ ಆಮಂತ್ರಣದ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಣಪತಿ ಬೆಳಗಿನಿಂದ ಕಡಲೆಬೇಳೆ ಪಾಯಸದ ಕೊಪ್ಪರಿಗೆಯ ಮುಂದೆ. ಒಲೆ ಹೊತ್ತಿಸುವ ಮೊದಲೇ ಅವನು ಹನಿ ಕಮ್ಮಿ ಮಾಡಿದ್ದನ್ನು ನಾನು ವಿಚಾರಿಸಿಕೊಂಡಿದ್ದೆ. ಆದರೂ ನನ್ನ ಕಣ್ಣು ಅವನ ಮೇಲೆಯೇ ಇತ್ತು, ಇವತ್ತು ತಪ್ಪಿದರೆ ನಾಳೆ ಬಟ್ಟೆ ಅಂಗಡಿ.

ಕರೆದದ್ದಕ್ಕಿಂತ ಹೆಚ್ಚು ಜನ ಬಂದರು. ಒಂದು ಪಂಕ್ತಿ ಎದ್ದರೆ ಇನ್ನೊಂದು ಕಾದಿರುತ್ತಿತ್ತು. ಹುಳಿ ಮುಗಿದು ಮತ್ತೆ ಮಾಡಿದರು. ಪಾಯಸ ತಳ ಕಂಡಿತು, ಗಣಪತಿ ಎರಡನೇ ಸಲ ಬೇಳೆ ಬೇಯಲು ಹಾಕಿದ. ಮೂರು ಗಂಟೆ ದಾಟಿತು. ಅಷ್ಟರಲ್ಲಿ ಅವನು ಒಲೆ ಬಿಟ್ಟು ನೇರವಾಗಿ ಹೊರಗೆ ಬರುವುದು ಕಂಡಿತು. ನಾನು ಎದ್ದುಬಿಟ್ಟೆ. ಅವನು ಬೆರಳು ಚುಚ್ಚಿ ಯಂತ್ರಕ್ಕೆ ಹಿಡಿದ. ಇಳಿಯುತ್ತಿತ್ತು, ಬಿದ್ದಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡು, ಕಟ್ಟೆಯ ಮೇಲೆ ಆರಾಮವಾಗಿ ಕೂತ. ಒಳಗೆ ಸುಬ್ರಾಯ ಭಟ್ಟರು ಪಾಯಸ ತಿರುವುತ್ತಿದ್ದರು. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ, ಕೈಕಾಲು ತೊಳೆದು, "ದೊಡ್ಡಪ್ಪಾ, ಬಿಡು, ಆನು ಬಂದೆ" ಎಂದು ಸೌಟು ಇಸಿದುಕೊಂಡ. ಭಟ್ಟರು ಅವನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಸರಿದರು.

ನಾಲ್ಕು ಗಂಟೆಗೆ ಕೊನೆಯ ಪಂಕ್ತಿ ಎದ್ದಿತು. ಮಡಿಯ ಕೆಲಸ ಮುಗಿದು ಅಡಿಗೆಯವರೆಲ್ಲ ಸಾಲಾಗಿ ಕೂತರು. ನನಗೂ ಎದುರು ಸಾಲಿನಲ್ಲಿ ಎಲೆ ಹಾಕಿದರು. ಹಸನ್ ಸಾಹೇಬರು ಮೊದಲ ಪಂಕ್ತಿಯಲ್ಲೇ ಉಂಡು, ಈಗ ನೋಡುವುದಕ್ಕೆಂದು ಕುರ್ಚಿ ಎಳೆದುಕೊಂಡು ಬಂದರು. ಸುಬ್ರಾಯ ಭಟ್ಟರೇ ಬಡಿಸಲು ನಿಂತರು. ಅನ್ನ, ತೊವ್ವೆ, ಅಪ್ಪೆಹುಳಿ. ಆಮೇಲೆ ಪಾಯಸದ ಪಾತ್ರೆ ಹಿಡಿದು ಬಂದವರು ಗಣಪತಿಯ ಎಲೆಯ ಮುಂದೆ ಬಂದೊಡನೆ ರೂಢಿಯಂತೆ ಅವನನ್ನು ದಾಟಿ ಮುಂದಿನ ಎಲೆಗೆ ಬಗ್ಗಿದರು. ಕಾಯಿಲೆ ಬಂದಂದಿನಿಂದ ಆ ಎಲೆಗೆ ಯಾರೂ ಸಿಹಿ ಬಡಿಸಿರಲಿಲ್ಲ.

"ದೊಡ್ಡಪ್ಪಾ, ನಂಗೂ ಹಾಕು. ಎರಡು ಸೌಟು" ಎಂದ ಗಣಪತಿ.

ಭಟ್ಟರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಗಣಪತಿ ಬೆನ್ನಿನ ಕಡೆಯಿಂದ ಕಪ್ಪು ಪಂಪನ್ನು ಎಳೆದು, ಬೀಗ ತೆಗೆದು, ಎಲೆಯನ್ನು ಒಮ್ಮೆ ನೋಡಿ ಗುಂಡಿ ಒತ್ತಿದ. ಭಟ್ಟರು ಬಡಿಸಿದರು. ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಗಣಪತಿ ಒಂದು ತುತ್ತು ಸುರಿದು, ಕಣ್ಣು ಮುಚ್ಚಿ, ನುಂಗಿ, ಹುಬ್ಬು ಗಂಟಿಕ್ಕಿದ.

"ಬೆಲ್ಲ ರಾಶಿ ಆಜಲಾ!" ಎಂದ. "ಇಷ್ಟು ಸಿಹಿ ಆಗ್ತಾ ಇತ್ತಾ? ನಂಗೆ ಯಾರೂ ಹೇಳಿದ್ದೇ ಇಲ್ಲೆ!"

"ಹೇಳದು ಹೆಂಗೆ ತಮಾ?" ಎಂದರು ಭಟ್ಟರು. "ನೀ ತಿಂಬ ಹಾಂಗಿಲ್ಲೆ, ಹೇಳಿದ್ರೆ ನಿಂಗೆ ಬೇಜಾರಾಗ್ತು ಹೇಳಿ ಎಲ್ಲರೂ ಸುಮ್ನೆ ಉಂಡಿದ್ದು."

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. "ನಾನು ಮೂರು ಸಲ ಹಾಕಿಸ್ಕೊಂಡೆ, ಸಿಹಿ ಜಾಸ್ತಿ ಅಂತ ಯಾರು ಹೇಳಿದ್ದು?" ಎಂದು ಹಸನ್ ಸಾಹೇಬರು ಕುರ್ಚಿಯಿಂದಲೇ ಕೂಗಿದರು. ನಾಳೆಯೇ ಅವರ ರಕ್ತ ನೋಡಬೇಕು ಎಂದುಕೊಂಡೆ. ಭಟ್ಟರು ನಗುತ್ತ ಹೆಗಲ ಮೇಲಿನ ಪಂಚೆಯಿಂದ ಕಣ್ಣೊರೆಸಿಕೊಂಡು, "ಬರೂ ಸೋಮವಾರ ಹೊನ್ನಾವರದಲ್ಲಿ ಮದುವೆ ಇದ್ದು. ಅಲ್ಲಿ ಬೆಲ್ಲ ಕಮ್ಮಿ ಹಾಕು" ಎಂದರು.

"ಹಾಕ್ತೆ ದೊಡ್ಡಪ್ಪಾ" ಎಂದು ಗಣಪತಿ ಬೆರಳು ನೆಕ್ಕಿದ.